ಬೈತಲೆ ಯಾವ ಕಡೆ

ಮದುವೆಯ ದಿನ ತಲೆಯ ಮೇಲೆ ಮಂಡೆತುಣಿ ಇತ್ತು,
ಯಾರೂ ನೋಡಲಿಲ್ಲ.
ಅದಕ್ಕೆಂದೇ ಕೊಯಮತ್ತೂರಿಗೆ ಹೋಗಿ ನೆಡಿಸಿಕೊಂಡು ಬಂದಿದ್ದೆ,
ತೊಂಬತ್ತಮೂರನೇ ಇಸವಿ,
ಎರಡು ಬೆಳೆಯ ಕರಿಮೆಣಸಿನ ದುಡ್ಡು.

ನೋಡಿದ್ದು ಮರುದಿನ ಬೆಳಿಗ್ಗೆ, ದೇಚಮ್ಮ.
ಏನೂ ಅನ್ನಲಿಲ್ಲ. ಕಾಫಿ ಲೋಟ ಇಟ್ಟು
ಕಿಟಕಿಯ ಪರದೆ ಸ್ವಲ್ಪ ಎಳೆದಳು.

ಹತ್ತು ಹನ್ನೆರಡು ಕೂದಲಿನ ಒಂದೊಂದು ಕಟ್ಟು,
ಕಟ್ಟಿಗೂ ಕಟ್ಟಿಗೂ ನಡುವೆ ಬರೀ ಚರ್ಮ.
ಹಣೆಯ ಮೇಲೆ ಹಗ್ಗ ಹಿಡಿದಂತೆ ನೆಟ್ಟಗೆ ಒಂದು ಸಾಲು.
ಮಗಳು ಚಿಕ್ಕವಳಿದ್ದಾಗ ಬೆರಳಿಟ್ಟು ಎಣಿಸುತ್ತಿದ್ದಳು,
ಒಂದು, ಎರಡು, ಏಳು...
ಅವಳ ಗೊಂಬೆಗೂ ಹಾಗೇ ಇತ್ತು.

ಆ ಡಾಕ್ಟರು ನನಗೊಂದು ಟೋಪಿ ಹಾಕಿದ.
ಅದರ ಮೇಲೆ ನಾನೇ ಇನ್ನೊಂದು ಹಾಕಿಕೊಂಡೆ,
ನೀಲಿಯದು, ಅಂಪೈರಿನದು.
ಇಪ್ಪತ್ತೊಂಬತ್ತು ವರ್ಷ
ನಾಪೋಕ್ಲಿನಲ್ಲಿ, ಪೊನ್ನಂಪೇಟೆಯಲ್ಲಿ,
ಬಾಯಲ್ಲಿ ಸೀಟಿ, ಒಂದು ಕೈ ಟೋಪಿಯ ಮೇಲೆ.
ಗಾಳಿ ಎದ್ದಾಗಲೆಲ್ಲ ಚೆಂಡು ಯಾರ ಕಾಲಿಗೆ ತಾಗಿತೆಂದು
ನಾನು ಕಂಡವನಲ್ಲ.
ಈಗ ಹೇಳಬಹುದು:
ಒಂದು ಮನೆತನ ಸೆಮಿಫೈನಲ್ ಸೋತದ್ದು ಹಾಗೆ.

ಮೈಸೂರಿನ ಈ ಡಾಕ್ಟರಮ್ಮ, ಮಗಳ ವಯಸ್ಸು,
ಮೊದಲು ಕಿತ್ತಳು.
ಕಿತ್ತು, ಬಿಡಿಸಿ, ಒಂದೊಂದೇ ಎಳೆ ಮಾಡಿ
ಚೆಲ್ಲಿದ ಹಾಗೆ ಮತ್ತೆ ನೆಟ್ಟಳು,
ಬೇಕೆಂದೇ ಸಾಲು ತಪ್ಪಿಸಿ.
ಹಿಂದಲೆಯಲ್ಲಿ ಆ ಹಳಬ ಪಟ್ಟಿ ಕೊಯ್ದ ಗಾಯ,
ಈ ಕಿವಿಯಿಂದ ಆ ಕಿವಿಗೆ;
ಅದಕ್ಕೆ ಗಡ್ಡದಿಂದ ಕಡ ತಂದಳು.
"ಪೂರ್ತಿ ಸರಿಯಾಗಲ್ಲ ಅಂಕಲ್, ಸಸಿಮಡಿಯೇ ಖಾಲಿ."
ಸರಿಯಾಗುವುದು ಬೇಡಮ್ಮ,
ಗೊತ್ತಾಗದಿದ್ದರೆ ಸಾಕು.

ಒಂದೂವರೆ ತಿಂಗಳಿಗೆ ನೆಟ್ಟದ್ದೆಲ್ಲ ಉದುರಿತು.
ಉದುರಿಯೇ ಚಿಗುರುವುದು ಎಂದು ಅವಳು ಮೊದಲೇ ಹೇಳಿದ್ದಳು,
ಆದರೂ ದಿಂಬು ನೋಡಿ ಕುಳಿತೆ.
ಆಗ ದೇಚಮ್ಮ ನಕ್ಕಳು.
ಪರದೆ ಎಳೆದ ದಿನದಿಂದ ತಡೆದಿಟ್ಟ ನಗು,
ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ.
ನನಗೆ ಸಿಟ್ಟು ಬರಬೇಕಿತ್ತು.

ಇವತ್ತು ವಿರಾಜಪೇಟೆ, ಗಡಿಯಾರ ಕಂಬದ ಹತ್ತಿರ,
ಬೀರಾನ್‌ನ ಅಂಗಡಿ.
ಇಷ್ಟು ವರ್ಷ ಬಚ್ಚಲ ಬಾಗಿಲು ಹಾಕಿ
ನಾನೇ ಕತ್ತರಿಸಿಕೊಂಡವನು.
ಬಟ್ಟೆ ಹೊದಿಸಿದ, ನೀರು ಚಿಮುಕಿಸಿದ,
ರೇಡಿಯೋದ ಕಡೆ ಕಿವಿಯಿಟ್ಟೇ ಕೇಳಿದ,
"ಬೈತಲೆ ಯಾವ ಕಡೆ?"

ಟೋಪಿ ತೊಡೆಯ ಮೇಲಿತ್ತು.
ಹಿಂದಿನ ಬೆಂಚಿನಲ್ಲಿ ಇಬ್ಬರು ಪೇಪರು ಓದುತ್ತಿದ್ದರು,
ತಲೆಯೆತ್ತಲಿಲ್ಲ.

ಎಡಕ್ಕೆ, ಅಂದೆ.
ಬಾಚಣಿಗೆ ತಾಗಿತು.
ಆಮೇಲೆ, ಮೊಟ್ಟಮೊದಲ ಸಲ,
ಕೊಟ್ಟ ತೀರ್ಪು ಬದಲಿಸಿದೆ.