ಕೊನೆಯ ಹದಿನಾರು ಪುಟ

ಎಂಟೂವರೆಯ ದೋಣಿ ಅಘನಾಶಿನಿಯ ದಡ ಮುಟ್ಟಿ
ಇತ್ತ ಮೂಗು ತಿರುಗಿಸುವಷ್ಟರಲ್ಲಿ
ನಾನೂರು ವರ್ಷ ಹಿಂದೆ ಹೋಗಿ ಬರುತ್ತೇನೆ ನಾನು.

ತದಡಿಯ ಧಕ್ಕೆ. ತಗಡಿನ ಗೂಡು. ಟಿಕೆಟ್ಟಿನ ಕಟ್ಟು,
ಚಿಲ್ಲರೆಯ ಡಬ್ಬಿ, ಅದರಡಿ
ಕುಮಟೆಯ ವಾಚನಾಲಯದಿಂದ ತಂದ ಪುಸ್ತಕ,
ರಟ್ಟಿನ ಮೇಲೆ ತಕ್ಕಡಿ ಹಿಡಿದ ಹೆಂಗಸು.

ಮಿರ್ಜಾನದ ಬಂದರಿನಲ್ಲಿ ಮೆಣಸು ತೂಗುವ ಮಲ್ಲಬ್ಬೆ.
ಮೂವತ್ತು ದಾಟಿದವಳು. ಬಾಯಿತುಂಬ ಎಲೆಯಡಿಕೆ.
ಕುದುರೆಯಿಂದ ಇಳಿಯದೆ ದಳವಾಯಿ ಮಾತಾಡಿದರೆ
ಕುದುರೆಗೆ ಉತ್ತರ ಕೊಡುವವಳು.

ಮೊದಲ ಅಧ್ಯಾಯಕ್ಕೇ ಒಂದು ಹೆಣ.
ಮೆಣಸಿನ ಉಗ್ರಾಣದಲ್ಲಿ ಕಡಲಾಚೆಯ ವರ್ತಕ,
ಬಾಗಿಲಿಗೆ ಒಳಗಿನಿಂದ ಅಗುಳಿ.
ಭೂತದ ಕೆಲಸವೆಂದು ಊರೆಲ್ಲ ಕೋಳಿ ಹುಡುಕುವಾಗ
ಇವಳು ಹೆಣದ ಬೆರಳು ಬಿಡಿಸುತ್ತಾಳೆ:
ಉದ್ದ ಮೀಸೆಯ ಒಂದು ಭತ್ತದ ಕಾಳು.
ಹಲ್ಲಿಗಿಟ್ಟು ಕಡಿದು, ಉಗುಳಿ,
"ಕರಿ ಕಗ್ಗ. ಗಜನಿಯಲ್ಲಿ ಸತ್ತವನನ್ನು
ಇಲ್ಲಿಗೆ ಹೊತ್ತು ತಂದವರು ಯಾರು?"

ಗೂಡಿನೊಳಗೇ ತೊಡೆ ತಟ್ಟಿಕೊಂಡೆ.
ಕಗ್ಗ ನಮ್ಮಜ್ಜಿ ಬೆಳೆದದ್ದು, ಸೊಂಟದ ನೀರಲ್ಲಿ ನಿಂತು
ತೆನೆಯಷ್ಟೇ ಕೊಯ್ದು ತಂದದ್ದು.
ಅದಕ್ಕೆ ಕೊಲೆಯ ಗುಟ್ಟು ಹೇಳಲೂ ಬರುತ್ತದೆಂದು
ನನಗೆ ಯಾರೂ ಹೇಳಿರಲಿಲ್ಲ.
"ಟಿಕೆಟ್ ಕೊಡೂದೋ, ಈಜ್ಕಂಡೇ ಹೋಗೂದೋ?"
ಕಿಟಕಿಯಲ್ಲಿ ಯಾರೋ ಬಡಿಯುತ್ತಿದ್ದರು.

ಅಂದಿನಿಂದ ನನ್ನ ಕಣ್ಣು ಕೆಟ್ಟಿತು.
ಚಿಲ್ಲರೆ ಎಣಿಸುವಾಗ ಕೈ ನೋಡುತ್ತೇನೆ, ಕಾಲು ನೋಡುತ್ತೇನೆ.
ಉಗುರಿನಲ್ಲಿ ಬಳಚಿನ ಕೆಸರು: ಇಳಿತಕ್ಕೆ ಮೊದಲೇ ಎದ್ದವಳು.
ಇಸ್ತ್ರಿಯ ಅಂಗಿ, ಮೊಣಕಾಲಲ್ಲಿ ಮಣ್ಣು:
ಬೈಕಿನಿಂದ ಬಿದ್ದು ಮನೆಯಲ್ಲಿ ಹೇಳದವನು.
ಎಷ್ಟೋ ಸಲ ತಪ್ಪುತ್ತೇನೆ.
ನೂರ ಹತ್ತನೇ ಪುಟದಲ್ಲಿ ಮಲ್ಲಬ್ಬೆಯೂ ತಪ್ಪುತ್ತಾಳೆ,
ತಪ್ಪಿದ್ದಕ್ಕೆ ಯಾರ ಕಾಲಿಗೂ ಬೀಳುವುದಿಲ್ಲ.

ನೂರ ತೊಂಬತ್ತೆರಡಕ್ಕೆ ಪುಸ್ತಕ ಮುಗಿಯಿತು.
ಮುಗಿಯಿತು ಅಂದರೆ ಮುಗಿಯಲಿಲ್ಲ.
ಉಗ್ರಾಣದ ಮುಂದೆ ಊರು ಸೇರಿದೆ,
ಮಲ್ಲಬ್ಬೆ ತಕ್ಕಡಿ ಎತ್ತಿದ್ದಾಳೆ,
"ಕೊಂದವನು" ಎಂದು ಬಾಯಿ ತೆರೆದಿದ್ದಾಳೆ,
ಆಮೇಲೆ ಬರಿಯ ರಟ್ಟು.

ಹರಿದದ್ದಲ್ಲ. ಬೆರಳಾಡಿಸಿ ನೋಡಿದೆ.
ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ, ಒಂದು ಫಾರ್ಮು ತೆಗೆದು,
ಮತ್ತೆ ಹೊಲಿದಿದ್ದಾರೆ. ನೀಲಿ ದಾರ,
ಶಾಲೆ ಮಕ್ಕಳ ಯೂನಿಫಾರ್ಮಿನ ನೀಲಿ,
ಎಲ್ಲಿ ಗಂಟೆಂದು ಕಾಣದ ಗಂಟು.

ಇಷ್ಟು ಸಾಕಲ್ಲ.

ಮರುದಿನ ಹತ್ತರ ದೋಣಿಗೆ ಬುದವಂತಿ ಪಟಗಾರ ಬಂದಳು,
ಕಂಕುಳಲ್ಲಿ ಬಟ್ಟೆಯ ಗಂಟು, ಸೆರಗಿಗೆ ಸಿಕ್ಕಿಸಿದ ಸೂಜಿ.
ಟಿಕೆಟ್ಟು ಹರಿಯದೆ ಪುಸ್ತಕ ತೋರಿಸಿದೆ.
ಅವಳು ಹೊಳೆಯ ಕಡೆ ನೋಡಿದಳು.

"ಎಂತಕ್ಕೆ?" ಅಂದೆ.
"ಕಡೆಗೆ ಅವಳ ಮದಿ ಮಾಡಿಬಿಟ್ಟಿದ ತಂಗೀ, ಬರ್ದವ,
ಆ ದಳವಾಯಿ ಸಂಗ್ತಿಗೆ.
ತಕ್ಕಡಿ ಅಟ್ಟಕ್ಕೆ ಹಾಕಿ ಪಾಯ್ಸ ಬಡಿಸ್ತೇ ಕೂತಿದು.
ಹದ್ನಾರು ಪುಟವೂ ಪಾಯ್ಸವೇಯ.
ನನ್ನ ಹಿಂದೆ ಓದೂಳಿಗೆ ಅದು ಬೇಡ ಅಂದ್ಕಂಡೆ."

"ಮತ್ತೆ, ಕೊಂದವ?"
"ಅದು ನಿಂಗೆ ಗುತ್ತಿಲ್ವಾ?"

ಗೊತ್ತಿತ್ತು. ಗಜನಿಯ ಕಟ್ಟೆ ಕಾಯುವ ಲೆಕ್ಕದವನು.
ಎಂಬತ್ತೇಳನೇ ಪುಟದಲ್ಲೇ ಅವನ ಪಂಚೆಯಂಚು ಒದ್ದೆಯಿತ್ತು,
ಹೊಳೆ ಇಳಿದು ಕೆಸರು ಒಣಗಿದ ಹೊತ್ತಿನಲ್ಲಿ.
ಅವಳ ಕಣ್ಣಿಗೂ ಅದೇ ಬಿದ್ದಿತ್ತಂತೆ.
ಇಬ್ಬರೂ ನಕ್ಕೆವು. ದೋಣಿ ಶಿಳ್ಳೆ ಹಾಕಿತು.
ಟಿಕೆಟ್ಟಿನ ದುಡ್ಡು ಮರೆಯದೆ ತೆಗೆದುಕೊಂಡೆ.

ಶನಿವಾರ ಕುಮಟೆಯಲ್ಲಿ ದತ್ತಾರಾಮ ಶಾನಭಾಗರು
ಕನ್ನಡಕ ಏರಿಸಿ, ಪುಸ್ತಕ ಮೇಜಿಗೆ ತಟ್ಟಿ ಧೂಳು ಕೊಡವಿ,
"ಪುಟ ಎಲ್ಲ ಸರಿ ಇದೆಯೇನಮ್ಮ?"

ಒಳಗೆ ಮಲ್ಲಬ್ಬೆ ಇನ್ನೂ ನಿಂತಿದ್ದಳು,
ತೆರೆದ ಬಾಯಿ, ಕೈಯಲ್ಲಿ ತಕ್ಕಡಿ, ಎದುರಿಗೆ ಇಡೀ ಊರು.

"ಎಲ್ಲ ಇದೆ" ಎಂದೆ.
ಅವರು ಮೊಹರು ಒತ್ತಿದರು.