ಹಗ್ಗಕ್ಕ ಹೆಸರು

ಇಳಕಲ್ಲಿನ ನಮ್ಮ ಪಡಸಾಲ್ಯಾಗ
ಎರಡೂವರಿ ಗೇಣಿನ ಹಡಗ ನಿಂತೈತಿ.
ಮೂರು ಕಂಬ, ಮುರದ ಮಗ್ಗದ ಸಾಗವಾನಿ,
ಹಾಯಿಗೆ ಹಳೀ ಧೋತರದ ಅಂಚು.
ಕಟ್ಟಿದಾಂವ ನಮ್ಮಣ್ಣ ಮುರಿಗೆಪ್ಪ, ಡ್ರಾಯಿಂಗ್ ಮಾಸ್ತರ.
ನೀರಂದ್ರ ಹಳ್ಳ ದಾಟಿದ್ದಷ್ಟ ಗೊತ್ತು ಅವಗ.

ಹೊಟ್ಟಿ ಬಾಗಬೇಕಂತ ಪಟ್ಟಿಗಳನ್ನ
ಚಾದ ಪಾತೇಲಿಯೊಳಗ ಕುದಿಸಿದ.
ಒಂದು ವಾರ ಚಾಕ್ಕ ಕಟಗಿ ವಾಸನಿ.
ನಾ ಏನೂ ಅನ್ನಲಿಲ್ಲ.

ಹಗ್ಗದ ಕೆಲಸ ಬಂದಾಗ ಬೆರಳು ನಡುಗಿ
ನನ್ನ ಕರದ: "ಶಂಕ್ರವ್ವ, ಇಲ್ಲೊಂದು ಗಂಟು."
ಒಂದಲ್ಲ. ಮುನ್ನೂರಾ ಹನ್ನೆರಡು.
ಮೂವತ್ತು ವರ್ಷ ಮಂದಿ ಸೀರಿಗೆ ಸೆರಗು ಕೂಡಿಸಿದಾಕಿ ನಾನು,
ಎಳಿಗೆ ಎಳಿ, ಕೊಂಡಿಗೆ ಕೊಂಡಿ.
ಗಂಟು ಕಣ್ಣಿಗೆ ಬೀಳಬಾರದು, ಕೈಗೆ ಹತ್ತಬಾರದು.
ಅವನ ನಕಾಶ್ಯಾಗ ಗಂಟು ಕಾಣಬೇಕಂತ!
ನಾಕ ದಿನ ಹಿಡೀತು ಕಲಿಯಾಕ,
ಕಾಣೂ ಗಂಟು ಹಾಕೂದು.

ದಾರಕ್ಕ ಮೇಣ ತಿಕ್ಕಂದ. ಗಂಜಿ ಕುಡಿಸಿದೆ.
ಹಗ್ಗದ ಹೆಸರೆಲ್ಲ ಇಂಗ್ಲಿಷಿನ್ಯಾಗ,
ಓದಿ ಓದಿ ಅವನ ನಾಲಗಿ ತೊಡರಿ ಬಿತ್ತು.
ನಾನ ಇಟ್ಟೆ:
ಏಣಿಯಂಗ ಏರೂದು ಹಣಿಗಿ,
ಕಂಬ ಹಿಡದು ನಿಂದರೂದು ದೊಡ್ಡವ್ವ,
ಹಾಯಿ ಜಗ್ಗೂದು ಗಯ್ಯಾಳಿ,
ತುದ್ಯಾಗ ಸುಮ್ಮನ ಜೋತಾಡೂದು
ಮುರಿಗೆಪ್ಪ.
ನಕ್ಕ, ನಕ್ಕು ಕೆಮ್ಮಿದ,
ನಕಾಶಿ ಮ್ಯಾಲ ಪೆನ್ಸಿಲಿಲೆ ಬರಕೊಂಡ.

ನಿನ್ನೆ ಸಂಜೀಕ ಕಡೀ ಎಳಿ ಬಿಗದೆ.
ಮೂರೂ ಕಂಬ ಒಮ್ಮೆಲೆ ನೆಟ್ಟಗಾದವು,
ಹಾಸು ಹೂಡಿದ ಮಗ್ಗದಂಗ.
ದೊಡ್ಡವ್ವನ್ನ ಬೆರಳಿಲೆ ಮೀಟಿದೆ,
ಸಣ್ಣ ದನಿ ಬಂತು,
ಸೊಳ್ಳಿಗಿಂತ ಸ್ವಲ್ಪ ದಪ್ಪ.

"ಫ್ಯಾನ್ ಹಚ್ಚಬ್ಯಾಡ" ಅಂದ ಅಣ್ಣ,
ಯಾರರ ಮಲಗಿದಂಗ, ಮೆತ್ತಗ.

ಹಚ್ಚಿದೆ.