ಕೆಂಪು ಕಾಣದವರಿಗೆ

ನಾನು ಚಿತ್ರದ ಮೇಷ್ಟ್ರು, ಜೇನಿನವನಲ್ಲ.
ಸ್ಲೊವೇನಿಯಾದ ಬೆಗುನ್ಯೆ ಊರು; ಬೆಟ್ಟದ ಹೆಗಲಲ್ಲಿ
ಮಾರ್ಚಿಯ ಹಿಮ ಅಲ್ಲಲ್ಲಿ ಹರಿದಿತ್ತು.
ಹದಿನಾಲ್ಕು ಮಕ್ಕಳಿಗೆ ಹದಿನಾಲ್ಕು ಹಲಗೆ,
ಗೇಣಿಗೆ ಹೆಚ್ಚು, ಮೊಳಕ್ಕೆ ಕಡಿಮೆ.
ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣದ ಘಾಟಿಗೆ
ಕಿಟಕಿ ತೆರೆದರೆ ಚಳಿ, ಮುಚ್ಚಿದರೆ ತಲೆನೋವು.

"ಇದು ಜೇನುಪೆಟ್ಟಿಗೆಯ ಮುಂಬಾಗಿಲು.
ಒಂದರ ಮೇಲೊಂದು, ಕಪಾಟಿನ ಹಾಗೆ ಪೆಟ್ಟಿಗೆ;
ದಣಿದು ಬಂದವಳಿಗೆ ತನ್ನ ಮನೆ ಯಾವುದೆಂದು
ಗೊತ್ತಾಗಬೇಕಲ್ಲ?"
ಅಷ್ಟು ಸಾಕಾಯಿತು.

ಉರ್ಬನ್ ಟ್ರ್ಯಾಕ್ಟರು ಬರೆದ, ಕೆಂಪು.
ತಿಯಾಳ ದೆವ್ವ, ಹಳೆಯ ಹಲಗೆಗಳಲ್ಲಿ ಇರುವಂತೆಯೇ,
ಗಯ್ಯಾಳಿಯೊಬ್ಬಳ ನಾಲಿಗೆಯನ್ನು ಸಾಣೆಗೆ ಹಿಡಿದಿತ್ತು;
ನಾಲಿಗೆ ಕೆಂಪು, ಕಿಡಿ ಕೆಂಪು.
ಬ್ರಿನಾಳ ಜೇನಿಗೆ ನಾಲ್ಕೇ ಕಾಲು.
ಹಸುವಿನಂತೆ ನಿಂತಿತ್ತು,
ಕೆಚ್ಚಲೊಂದು ಕಡಿಮೆ.

ಆಗ ಬಂದ ಲೊವ್ರೊ ಅಜ್ಜ. ಜೇಬಲ್ಲಿ ಬೆಂಕಿಪೊಟ್ಟಣ,
ಒಳಗೆ ಹತ್ತಿಯ ಮೇಲೆ ಒಂದು ಬೂದು ಜೇನು.
"ಸತ್ತಿದೆಯಾ?" ಅಂದಳು ಬ್ರಿನಾ.
"ದನ ಸಾಯುತ್ತೆ, ನಾಯಿ ಸಾಯುತ್ತೆ.
ಜೇನು ತೀರಿಕೊಳ್ಳುತ್ತೆ ಮಗು."
ನಮ್ಮ ನುಡಿಯಲ್ಲಿ ಹಾಗೇ.
ಮನುಷ್ಯರಿಗೆಂದು ಎತ್ತಿಟ್ಟ ಆ ಮಾತಿನಲ್ಲಿ
ಅವಳಿಗೂ ಪಾಲು.

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು.
ಕಾಲು ಆರು. ಹಿಂಗಾಲಿಗೆ ಮೆತ್ತಿಕೊಂಡ
ಹಳದಿ ಪರಾಗ, ಮನೆ ಮುಟ್ಟದ್ದು.
ಬ್ರಿನಾ ಎರಡು ಕಾಲು ಸೇರಿಸಿದಳು;
ಜಾಗ ಸಾಲದೆ ಒಂದು, ಹಲಗೆಯ ಅಂಚು ದಾಟಿ
ಪಕ್ಕದ ಸೀಳಿಗೆ ಮಡಚಿಕೊಂಡಿತು.

ಹೊರಡುವಾಗ ಅಜ್ಜ ಹಲಗೆಗಳ ಕಡೆ ನೋಡಿ,
"ಒಳ್ಳೇ ಕೆಂಪು. ಆದರೆ ಅವರಿಗೆ ಕೆಂಪು ಕಾಣೋದಿಲ್ಲ.
ಕಪ್ಪು ಅಂದುಕೋತಾರೆ."

ಕುಂಚಗಳೆಲ್ಲ ನಿಂತವು.
ಉರ್ಬನ್ ನನ್ನತ್ತ ತಿರುಗಿದ,
ಗೊತ್ತಿದ್ದೂ ಮುಚ್ಚಿಟ್ಟವನನ್ನು ನೋಡುವ ಹಾಗೆ.
ನನಗೆ ಗೊತ್ತಿರಲಿಲ್ಲ.
ಮೂವತ್ತೊಂದು ವರ್ಷ ಬಣ್ಣ ಹೇಳಿಕೊಟ್ಟಿದ್ದೇನೆ,
ಯಾರ ಕಣ್ಣಿಗೆ ಎಂದು ಒಮ್ಮೆಯೂ ಕೇಳದೆ.

ತಿಯಾ ಮಾತ್ರ ಬದಲಿಸಲಿಲ್ಲ:
"ಕಪ್ಪಾದರೂ ನಾಲಿಗೆ ನಾಲಿಗೆಯೇ."
ಉರ್ಬನ್ ಚಾಕುವಿನಲ್ಲಿ ಹೆರೆದ,
ನೀಲಿ ಬಳಿದ, ಮತ್ತೆ ಹೆರೆದ, ಮತ್ತೆ ನೀಲಿ.
ಹಿಂದಿನ ಗಾಲಿಯ ಹತ್ತಿರ ಕೆಂಪು ಒಂದಿಷ್ಟು
ಎಷ್ಟು ತಿಕ್ಕಿದರೂ ಹೋಗದೆ ಉಳಿಯಿತು.

ಮೇ ತಿಂಗಳು. ಸೇಬಿನ ತೋಟದ ಅಂಚಿಗೆ
ಹಲಗೆಗಳನ್ನು ಮೊಳೆ ಹೊಡೆದು ಕೂರಿಸಿದ್ದಾರೆ.
ನಾನು ಎದುರಿಗೇ ನಿಂತು, ತಲೆ ಓರೆ ಮಾಡಿ,
ನೆರಳು ಬೆಳಕು ತೂಗುತ್ತಿದ್ದೆ.
ಬೆನ್ನ ಹಿಂದೆ ಉರ್ಬನ್ ಪಿಸುಗುಟ್ಟಿದ:

"ಮೇಷ್ಟ್ರೇ, ನಿಮ್ಮ ಸ್ವೆಟರು ಕೆಂಪು.
ಅವರ ದಾರಿಗೆ ಕತ್ತಲೆ ಅಡ್ಡ ನಿಂತ ಹಾಗಿದೆ.
ಸ್ವಲ್ಪ ಸರೀರಿ."

ಸರಿದೆ.